ಜಕ್ಕವಕ್ಕಿ: ಒಂದು ಹೆಸರಿನ ಅರ್ಥವ್ಯಾಪ್ತಿ

ಹಳಗನ್ನಡ, ನಡುಗನ್ನಡ ಕಾವ್ಯಗಳ ಓದುಗರಿಗೆ ‘ಜಕ್ಕವಕ್ಕಿ’ ಅಪರಿಚಿತ ಪದವಲ್ಲ. ಸಂಜೆಯ ವರ್ಣನೆಯಲ್ಲಿ ತಾವರೆ ಮುಚ್ಚುತ್ತದೆ, ನೈದಿಲೆ ಅರಳುತ್ತದೆ, ಜಕ್ಕವಕ್ಕಿಗಳ ಜೋಡಿ ಅಗಲುತ್ತದೆ. ಈ ಪದಕ್ಕೆ ‘ಚಕ್ರವಾಕ, ರಾತ್ರಿಯಲ್ಲಿ ಸಂಗಾತಿಯನ್ನು ಅಗಲುವ ಹಕ್ಕಿ’ ಎಂದು ಟಿಪ್ಪಣಿ ಬರೆಯುವುದು ರೂಢಿ. ಈ ಟಿಪ್ಪಣಿ ತಪ್ಪಲ್ಲ. ಆದರೆ ಅದು ಕವಿಸಮಯವೊಂದನ್ನೇ ಪದದ ಪೂರ್ಣಾರ್ಥವೆಂದು ಭಾವಿಸುತ್ತದೆ. ಹೆಸರಿನ ರಚನೆ, ಹಕ್ಕಿಯ ಗುರುತು, ಅಗಲಿಕೆಗೆ ವಿರುದ್ಧವಾದ ಇನ್ನೊಂದು ಪ್ರಯೋಗ ಇವು ಮೂರೂ ಅದರಲ್ಲಿ ಬಿಟ್ಟುಹೋಗುತ್ತವೆ. ಗಡಿಯಾಚೆಯ ಕನ್ನಡಿಗರು ನಿತ್ಯ ಬಳಸುವ ನೆರೆಭಾಷೆಗಳು ಈ ಕೊರತೆಯನ್ನು ತುಂಬಬಲ್ಲವು.

ಮೊದಲು ರಚನೆಯನ್ನು ನೋಡಬಹುದು. ಸಂಸ್ಕೃತದ ‘ಚಕ್ರವಾಕ’ ತೆಲುಗಿನಲ್ಲಿ ‘ಜಕ್ಕವ’ ಎಂದಾಗಿದೆ. ಕನ್ನಡ ಅಷ್ಟಕ್ಕೇ ನಿಲ್ಲದೆ ‘ಜಕ್ಕವಕ್ಕಿ’ ಎಂದಿತು. ‘ಬೆಮರ್ವನಿ’ಯಲ್ಲಿ ‘ಪನಿ’ಯು ‘ವನಿ’ ಆಗುವಂತೆ ಇಲ್ಲಿ ‘ಪಕ್ಕಿ’ಯು ‘ವಕ್ಕಿ’ ಆಗಿದೆಯೆಂದು ಕನ್ನಡದ ಕಿವಿ ಗ್ರಹಿಸುತ್ತದೆ. ‘ವಾಕ’ದಲ್ಲಿದ್ದ ನುಡಿಯ, ಕೂಗಿನ ಧ್ವನಿ ಮರೆಯಾಗಿ ಆ ಸ್ಥಾನದಲ್ಲಿ ಹಕ್ಕಿಯೇ ಬಂದು ಕುಳಿತಿದೆ. ‘ಯಕ್ಷ’ದ ತದ್ಭವವೂ ‘ಜಕ್ಕ’ವೇ ಆದ್ದರಿಂದ ಈ ಹೆಸರನ್ನು ‘ಯಕ್ಷರ ಹಕ್ಕಿ’ ಎಂದು ತಿಳಿಯುವ ಅಪಾಯವೂ ಇದೆ. ರಾಯದುರ್ಗ, ಮಡಕಶಿರಾ ಸೀಮೆಯ ದ್ವಿಭಾಷಿಕ ಓದುಗನು ತೆಲುಗಿನ ‘ಜಕ್ಕವ’ವನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಸಂದೇಹ ಉಳಿಯುವುದಿಲ್ಲ.

ಇನ್ನು ಹಕ್ಕಿಯ ಗುರುತು. ಜಕ್ಕವಕ್ಕಿ ಕಲ್ಪಿತ ಪಕ್ಷಿಯಲ್ಲ. ಕಿತ್ತಳೆಗಂದು ಮೈಯ, ಮಾಸಲು ತಲೆಯ ದೊಡ್ಡ ಬಾತು. ಲಡಾಖ್, ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಜಲಪ್ರದೇಶಗಳಲ್ಲಿ ಮರಿಮಾಡಿ, ಚಳಿಗಾಲದಲ್ಲಿ ಬಯಲಿಗೆ ಇಳಿಯುತ್ತದೆ. ದಕ್ಷಿಣಕ್ಕೆ ಬಂದಂತೆ ಇದರ ದರ್ಶನ ವಿರಳ. ಸೊಲ್ಲಾಪುರ ಜಿಲ್ಲೆಯಲ್ಲಿ ಭೀಮಾನದಿಗೆ ಕಟ್ಟಿದ, 1980ರಲ್ಲಿ ಪೂರ್ಣಗೊಂಡ ಉಜನಿ ಜಲಾಶಯಕ್ಕೆ ಚಳಿಗಾಲದಲ್ಲಿ ಬರುವ ವಲಸೆಹಕ್ಕಿಗಳಲ್ಲಿ ಇದೂ ಒಂದು. ಮರಾಠಿಯಲ್ಲಿ ‘ಚಕ್ರವಾಕ’ ಕಾವ್ಯದ ಪದವೂ ಹೌದು, ನೀರಿನಲ್ಲಿ ಕಾಣುವ ಬಾತಿನ ಹೆಸರೂ ಹೌದು. ಕನ್ನಡದಲ್ಲಿ ಇವೆರಡರ ನಡುವಿನ ನಂಟು ಸಡಿಲವಾಗಿದೆ. ‘ಚಕ್ರವಾಕ’ ಎಂದರೆ ಹದಿನಾರನೆಯ ಮೇಳಕರ್ತ ರಾಗ ನೆನಪಾಗುವಷ್ಟು ಸುಲಭವಾಗಿ ಹಕ್ಕಿ ನೆನಪಾಗುವುದಿಲ್ಲ.

ಮೂರನೆಯದು ಹೆಚ್ಚು ಮಹತ್ವದ್ದು. ಈ ಹೆಸರು ಮೊದಲಿಗೆ ವಿರಹದ ಗುರುತಾಗಿರಲಿಲ್ಲ. ಋಗ್ವೇದದ ಎರಡನೆಯ ಮಂಡಲದಲ್ಲಿ ಅವಳಿ ದೇವತೆಗಳಾದ ಅಶ್ವಿನಿಗಳಿಗೆ ಚಕ್ರವಾಕಗಳ ಹೋಲಿಕೆಯಿದೆ. ಅಥರ್ವವೇದದ ಹದಿನಾಲ್ಕನೆಯ ಕಾಂಡದ ವಿವಾಹಮಂತ್ರದಲ್ಲಿ ವಧೂವರರನ್ನು ಚಕ್ರವಾಕ ದಂಪತಿಯಂತೆ ಕೂಡಿಸಬೇಕೆಂಬ ಪ್ರಾರ್ಥನೆಯಿದೆ. ಕಾಳಿದಾಸನಲ್ಲಿ ಎರಡೂ ಅರ್ಥಗಳು ಜೊತೆಗಿವೆ. ‘ಮೇಘದೂತ’ದ ಯಕ್ಷನು ತನ್ನ ಮಡದಿಯನ್ನು ಒಂಟಿ ಚಕ್ರವಾಕಿಗೆ ಹೋಲಿಸುತ್ತಾನೆ, ‘ರಘುವಂಶ’ದ ಮೂರನೆಯ ಸರ್ಗದಲ್ಲಿ ದಿಲೀಪ-ಸುದಕ್ಷಿಣೆಯರ ಪರಸ್ಪರ ಪ್ರೇಮಕ್ಕೆ ಅದೇ ಹಕ್ಕಿಗಳ ಜೋಡಿ ಉಪಮಾನ. ಸ್ತನಯುಗ್ಮವನ್ನು ಜಕ್ಕವಕ್ಕಿಗಳ ಜೋಡಿಗೆ ಹೋಲಿಸುವ ಪದ್ಧತಿಯೂ ಅಗಲದ ಜೋಡಿಯನ್ನೇ ಆಧರಿಸಿದೆ. ಅಂಥ ಪದ್ಯದ ಕೆಳಗೆ ‘ರಾತ್ರಿ ಅಗಲುವ ಹಕ್ಕಿ’ ಎಂದಷ್ಟೇ ಬರೆದರೆ ಟಿಪ್ಪಣಿಯು ಪದ್ಯಕ್ಕೆ ಎದುರಾಗಿ ನಿಲ್ಲುತ್ತದೆ. ಹಗಲಿನ ಕೂಟವಿಲ್ಲದೆ ಇರುಳಿನ ಅಗಲಿಕೆಗೆ ನೋವಿಲ್ಲ. ಕವಿಸಮಯ ಹುಟ್ಟಿದ್ದೂ ಆ ಕೂಟದ ಬಲದಿಂದಲೇ.

ಅನುವಾದದಲ್ಲಿ ಈ ವಿವೇಚನೆ ಇನ್ನೂ ಅಗತ್ಯ. ಹೊಸೂರು, ತಾಳವಾಡಿಗಳ ಕನ್ನಡ-ತಮಿಳು ಓದುಗರಿಗೆ ‘ಅನ್ರಿಲ್’ ತಿಳಿದಿರುತ್ತದೆ. ಅದೂ ಜೋಡಿಯ ಹಕ್ಕಿಯೇ ಆದ್ದರಿಂದ ಜಕ್ಕವಕ್ಕಿಗೆ ಅದನ್ನೇ ಇಡುವ ಆಸೆ ಸಹಜ. ಆದರೆ ಸಂಗಂ ಕಾವ್ಯದ ಅನ್ರಿಲ್ ತಾಳೆಮರದಲ್ಲಿರುವ ಹಕ್ಕಿ. ಕೊಳದ ಚಿತ್ರಕ್ಕೆ ಅದು ಒಗ್ಗದು. ‘ಕುರುಂತೊಗೈ’ಯಲ್ಲಿ ಬರುವ, ನೀರಿನಲ್ಲಿ ವಾಸಿಸುವ, ಕ್ಷಣದ ಅಗಲಿಕೆಯನ್ನೂ ತಾಳದ ‘ಮಗನ್ರಿಲ್’ ಇದಕ್ಕೆ ಹೆಚ್ಚು ಹತ್ತಿರ. ಹಾಗೆಂದು ಅದೂ ಸಮಾನಪದವಲ್ಲ: ಮಗನ್ರಿಲ್‌ನಲ್ಲಿ ಅಗಲಿಕೆಯ ಭಯವಿದೆ, ಪ್ರತಿ ಸಂಜೆಯೂ ತಪ್ಪದೆ ಅಗಲಬೇಕಾದ ವಿಧಿಯಿಲ್ಲ. ‘ಚಕ್ರವಾಕ’ವನ್ನೇ ತಮಿಳಿನ ರೂಪದಲ್ಲಿ ಉಳಿಸಿಕೊಂಡು, ಮಗನ್ರಿಲ್ ಅನ್ನು ಟಿಪ್ಪಣಿಯಲ್ಲಿ ಹೋಲಿಕೆಗೆ ತರುವುದು ಮೇಲು.

ಆದ್ದರಿಂದ ಜಕ್ಕವಕ್ಕಿಯ ಟಿಪ್ಪಣಿ ಕನಿಷ್ಠ ಮೂರು ಸಂಗತಿಗಳನ್ನು ಹೇಳಬೇಕು: ಇದು ಚಳಿಗಾಲದಲ್ಲಿ ಬರುವ ಕಿತ್ತಳೆಗಂದು ಬಣ್ಣದ ಬಾತು, ಹೆಸರು ಚಕ್ರವಾಕದ ತದ್ಭವ, ತೆಲುಗಿನಲ್ಲಿ ಜಕ್ಕವ, ಕಾವ್ಯದಲ್ಲಿ ಕೂಡಿರುವಿಕೆ, ಅಗಲಿಕೆ ಎರಡಕ್ಕೂ ಸಂಕೇತ. ಎರಡರಲ್ಲಿ ಯಾವುದು ಎಂಬುದನ್ನು ಆಯಾ ಪದ್ಯವೇ ನಿರ್ಣಯಿಸಬೇಕು. ಹಕ್ಕಿಗಳ ಕನ್ನಡ ಹೆಸರುಗಳನ್ನು ಪಟ್ಟಿಮಾಡುವವರು ಕೂಡ ಇಂಗ್ಲಿಷಿನಿಂದ ಹೊಸ ಹೆಸರನ್ನು ಅನುವಾದಿಸುವ ಮೊದಲು ಈ ಹಳೆಯ ಹೆಸರನ್ನು ಪರಿಗಣಿಸಬೇಕು. ಇಲ್ಲವಾದರೆ ಕಾವ್ಯ ಓದುವವನಿಗೆ ಹಕ್ಕಿಯೂ ಹಕ್ಕಿ ನೋಡುವವನಿಗೆ ಕಾವ್ಯವೂ ಎಟುಕದೆ ಉಳಿಯುತ್ತವೆ.