ನುಡಿಗಟ್ಟಿನ ಅರ್ಥ ಮತ್ತು ದನಿ

ಇಂಗ್ಲಿಷಿನ ‘ಕಿಕ್ ದ ಬಕೆಟ್’ ಎಂಬುದನ್ನು ‘ಬಕೆಟ್ ಒದ್ದ’ ಎಂದು ಅನುವಾದಿಸಿದರೆ ನಗುತ್ತೇವೆ. ‘ದೈವಾಧೀನನಾದ’ ಎಂದರೆ ಒಪ್ಪಿಬಿಡುತ್ತೇವೆ. ಎರಡನೆಯ ತಪ್ಪೇ ಹೆಚ್ಚು ಅಪಾಯಕಾರಿ, ಅದು ತಪ್ಪೆಂದು ತೋರುವುದೇ ಇಲ್ಲ. ನಿಘಂಟು ‘ಸಾಯು’ ಎಂಬ ಅರ್ಥವನ್ನು ಕೊಟ್ಟು ಸುಮ್ಮನಾಗುತ್ತದೆ. ಮಾತಿನೊಳಗಿನ ಉಡಾಫೆ ಉಳಿದೇ ಹೋಗುತ್ತದೆ. ಕನ್ನಡದ ‘ಗೊಟಕ್ ಅಂದ’, ಮಲಯಾಳದ ‘ಕಾಟ್ಟು ಪೋಯಿ’ ಅದರ ನಿಜವಾದ ನೆಂಟರು.

‘ನ್ಯೂಕಾಸಲ್‌ಗೆ ಕಲ್ಲಿದ್ದಲು ಒಯ್ಯುವುದು’ ಎಂಬಲ್ಲಿ ತೊಡಕು ಬೇರೆ. ಆ ಊರು 13ನೆಯ ಶತಮಾನದಿಂದಲೂ ಹಡಗುಗಳಲ್ಲಿ ಲಂಡನ್ನಿಗೆ ಕಲ್ಲಿದ್ದಲು ಕಳಿಸುತ್ತಿತ್ತೆಂದು ತಿಳಿಯದವರಿಗೆ ವ್ಯಂಗ್ಯ ತಾಗದು. ಅಡಿಟಿಪ್ಪಣಿ ಹಾಕಿದರೆ ಚರಿತ್ರೆ ತಿಳಿದೀತು, ಮಾತಿನ ಚುರುಕು ಹೋದೀತು. ‘ಕೊಲ್ಲಕ್ಕುಡಿಯಿಲ್ ಸೂಚಿ ವಿಲ್ಕರುತ್’, ಅಂದರೆ ಕಮ್ಮಾರರ ಕೇರಿಯಲ್ಲಿ ಸೂಜಿ ಮಾರಬೇಡ, ಎಂಬ ಮಲಯಾಳದ ಗಾದೆಯಾದರೋ ಕನ್ನಡಿಗರಿಗೂ ಕೂಡಲೇ ಹೊಳೆಯುತ್ತದೆ.

ಆದರೆ ಕತೆಯ ಪಾತ್ರ ಆ ಗಣಿನಾಡಿನವನೇ ಆಗಿದ್ದರೆ, ಅವನ ಬಾಯಿಯ ಕಲ್ಲಿದ್ದಲನ್ನು ಕಿತ್ತು ಸೂಜಿ ಇಡುವುದು ಅನ್ಯಾಯ. ಎರಡು ಭಾಷೆಗಳಲ್ಲಿ ಬದುಕುವ ಕಾಸರಗೋಡಿನ ಅನುವಾದಕರು ಅರ್ಥ ತಿಳಿದ ಮೇಲೂ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದನ್ನು ಯಾರು, ಯಾರಿಗೆ, ಯಾವ ದನಿಯಲ್ಲಿ ಹೇಳುತ್ತಿದ್ದಾರೆ?