ಕಾಳಿ ಇಲ್ಲದ ‘ಹಯವದನ’

ನಾಟಕವೊಂದನ್ನು ಮುಂದಿಟ್ಟುಕೊಂಡು ಕನ್ನಡದಲ್ಲಿ ವಿಜ್ಞಾನ ಕಾದಂಬರಿ ಬರೆಯಬೇಕೆಂದರೆ ಮೊದಲು ಕೈ ಹೋಗುವುದು ಗಿರೀಶ ಕಾರ್ನಾಡರ ‘ಹಯವದನ’ದ (1971) ಕಡೆಗೆ. ಎರಡು ತಲೆ, ಎರಡು ಮುಂಡ, ಕತ್ತಲಲ್ಲಿ ಆಗಿಹೋದ ಅದಲುಬದಲು. ಕಾಳಿಯನ್ನು ತೆಗೆದು ಆ ಜಾಗದಲ್ಲಿ ಒಬ್ಬ ಸರ್ಜನ್‌ನನ್ನು ನಿಲ್ಲಿಸಿದರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಅಷ್ಟಕ್ಕೇ ಮುಗಿಯುವುದಾದರೆ ಬರೆಯದಿದ್ದರೂ ನಷ್ಟವಿಲ್ಲ.

ನಾಟಕವನ್ನು ಬೇರೆ ನೆಲಕ್ಕೆ ತರುವುದೆಂದರೆ ಏನೆಂದು ತೋರಿಸಿಕೊಟ್ಟವರು ನಮ್ಮ ಸೀಮೆಯಲ್ಲೇ ಹುಟ್ಟಿದ್ದಾರೆ. ಬಿ.ಎಂ.ಶ್ರೀ. ಹುಟ್ಟಿದ್ದು 1884ರಲ್ಲಿ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಸೊಫೋಕ್ಲಿಸನ ‘ಅಯಾಸ್’ ಅವರ ಕೈಯಲ್ಲಿ ‘ಅಶ್ವತ್ಥಾಮನ್’ (1929) ಆಯಿತು. ಗ್ರೀಕ್ ಹೆಸರು ಕಿತ್ತು ಮಹಾಭಾರತದ ಹೆಸರು ಅಂಟಿಸಿದ್ದರೆ ಇಂದು ಅದನ್ನು ಯಾರೂ ಓದುತ್ತಿರಲಿಲ್ಲ. ಮೂಲದ ನಾಯಕ ತನ್ನ ಕೈಯಾರೆ ಸಾಯುತ್ತಾನೆ. ನಮ್ಮ ಪುರಾಣದ ಅಶ್ವತ್ಥಾಮ ಚಿರಂಜೀವಿ. ರುದ್ರನಾಟಕ ಬೇಕೆಂದರೆ ಚಿರಂಜೀವಿಯನ್ನು ಸಾಯಿಸಬೇಕು. ಶ್ರೀಯವರು ಸಾಯಿಸಿದರು. ಮೂಲದಲ್ಲಿ ಶವಸಂಸ್ಕಾರಕ್ಕಾಗಿ ಹೋರಾಡುವ ತಮ್ಮನ ಸ್ಥಾನಕ್ಕೆ ಏಕಲವ್ಯನನ್ನು ಕರೆತಂದರು. ಹೊಸ ನೆಲದ ಒಂದು ನಂಬಿಕೆಯನ್ನಾದರೂ ಮುರಿಯದೆ ಹಳೆಯ ನಾಟಕ ಅಲ್ಲಿ ಬೇರು ಬಿಡುವುದಿಲ್ಲ.

ಹೊರಗಿನ ಒಂದು ಉದಾಹರಣೆ. 1956ರ ಹಾಲಿವುಡ್ ಚಿತ್ರ ‘ಫರ್ಬಿಡನ್ ಪ್ಲಾನೆಟ್’ ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕವನ್ನು ಬೇರೊಂದು ಗ್ರಹಕ್ಕೆ ಒಯ್ಯುತ್ತದೆ. ಅದೇ ನಾಟಕವನ್ನು ಕುವೆಂಪು ‘ಬಿರುಗಾಳಿ’ಯಾಗಿ ಕನ್ನಡಕ್ಕೆ ತಂದು ಆಗಲೇ ಕಾಲು ಶತಮಾನವಾಗಿತ್ತು. ಚಿತ್ರದಲ್ಲಿ ಏರಿಯಲ್‌ನ ಜಾಗಕ್ಕೆ ರಾಬಿ ಎಂಬ ರೋಬೋ ಬರುತ್ತದೆ. ಅದು ಬರೀ ವೇಷ. ಕ್ಯಾಲಿಬನ್‌ನ ಜಾಗಕ್ಕೆ ಬಂದಿರುವುದು ವಿಜ್ಞಾನಿಯ ಸ್ವಂತ ಸುಪ್ತ ಮನಸ್ಸು, ಯಂತ್ರದ ಬಲದಿಂದ ರಾಕ್ಷಸನಾಗಿ ಎದ್ದು ಓಡಾಡುವ ಮನಸ್ಸು. ಅಲ್ಲಿ ನಾಟಕ ನಿಜಕ್ಕೂ ವಿಜ್ಞಾನ ಕಥೆಯಾಗಿದೆ, ಏಕೆಂದರೆ ಯಂತ್ರ ಬಾರದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಈಗ ‘ಹಯವದನ’. ಈ ಕಥೆಗೆ ಒಂದು ಅಭ್ಯಾಸವಿದೆ: ಹಿಂದಿನವರು ನಿಲ್ಲಿಸಿದ ಕಡೆಯಿಂದ ಮುಂದಿನವರು ಶುರುಮಾಡುತ್ತಾರೆ. ‘ಕಥಾಸರಿತ್ಸಾಗರ’ದ ಬೇತಾಳ ಗಂಡ ಯಾರು ಎಂದು ಕೇಳುತ್ತದೆ, ತಲೆ ಇದ್ದವನೇ ಗಂಡ ಎಂಬ ಉತ್ತರ ಬರುತ್ತದೆ, ಕಥೆ ಮುಗಿಯುತ್ತದೆ. 1940ರಲ್ಲಿ ಥಾಮಸ್ ಮನ್ ಆ ಉತ್ತರದ ನಂತರದ ಬಾಳುವೆಯನ್ನು ಬರೆದ. ಕಾರ್ನಾಡರು ಅದನ್ನು ಎತ್ತಿಕೊಂಡು ಕುದುರೆ ತಲೆಯ ಹಯವದನನನ್ನು ಪಕ್ಕದಲ್ಲಿ ನಿಲ್ಲಿಸಿದರು. ಇನ್ನು ಬರಬೇಕಾದ ಕಾದಂಬರಿಯೂ ಕಾರ್ನಾಡರು ಮುಗಿಸಿದಲ್ಲಿಂದಲೇ ಹೊರಡಬೇಕು.

ನಾಟಕ ಬರುವ ಒಂದು ವರ್ಷ ಮೊದಲು, 1970ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರಾಬರ್ಟ್ ವೈಟ್ ಎಂಬ ನರಶಸ್ತ್ರಚಿಕಿತ್ಸಕ ಒಂದು ಕೋತಿಯ ತಲೆಯನ್ನು ಇನ್ನೊಂದರ ಮುಂಡಕ್ಕೆ ಜೋಡಿಸಿದ್ದ. ತಲೆ ಕಣ್ಣು ಬಿಟ್ಟಿತು, ನೋಡಿತು, ಕಚ್ಚಲು ಹೋಯಿತು. ಬೆನ್ನುಹುರಿ ಕೂಡಿಸಲು ಆಗಲಿಲ್ಲವಾದ್ದರಿಂದ ಮುಂಡ ಮಾತ್ರ ಸೊಲ್ಲೆತ್ತಲಿಲ್ಲ. ಕೆಲವೇ ದಿನ ಬದುಕಿತ್ತು. ಕಾರ್ನಾಡರ ನಾಟಕದಲ್ಲಿ ಆಗುವುದು ಇದರ ತಿರುವುಮುರುವು: ಅಲ್ಲಿ ಮುಂಡಕ್ಕೆ ನೆನಪಿದೆ. ಕಮ್ಮಾರನ ಮಗ ಕಪಿಲನ ಮೈ ಪಡೆದ ದೇವದತ್ತ ಕೆಲದಿನ ಕುಸ್ತಿ ಗೆಲ್ಲುತ್ತಾನೆ, ಆಮೇಲೆ ಆ ಮೈ ಮೆತ್ತಗಾಗಿ ಪಂಡಿತನ ಮೈಯಾಗುತ್ತದೆ. ಕಾದಂಬರಿಕಾರರು ಬೆನ್ನುಹುರಿ ಕೂಡಿಕೊಂಡಿತು ಎಂದು ಒಂದು ಸುಳ್ಳು ಹೇಳಲಿ. ವಿಜ್ಞಾನ ಕಥೆಗೆ ಒಂದು ಸುಳ್ಳು ಮಾಫಿ. ಎರಡನೆಯದನ್ನು ಓದುಗರು ಕ್ಷಮಿಸುವುದಿಲ್ಲ.

ಈ ಕಥೆಯನ್ನು ತಿಪಟೂರಿನ ಕೊಬ್ಬರಿ ಮಂಡಿಗೆ ತಂದು ನೋಡುತ್ತೇನೆ. ಕಮ್ಮಾರಸಾಲೆಯ ಬದಲು ಕಪಿಲ ಇಲ್ಲಿ ಕೊಬ್ಬರಿ ಸುಲಿಯುವವನು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನುವ ಕಾಯಿಯ ಕರಟವನ್ನು ಉಂಡೆ ಒಡೆಯದಂತೆ ಬಿಡಿಸಬೇಕು. ಒಡೆದರೆ ಬೆಲೆ ಬಿತ್ತು. ಏಟು ಎಷ್ಟು ಬೀಳಬೇಕೆಂದು ಕೈಗೆ ಗೊತ್ತು, ಕೇಳಿದರೆ ಬಾಯಿಗೆ ಹೇಳಲು ಬರುವುದಿಲ್ಲ. ಆ ಕೈಯ ಮೇಲೆ ದೇವದತ್ತನ ತಲೆ ಕೂತರೆ ಮೊದಲ ದಿನ ಎಷ್ಟು ಉಂಡೆ ಹೋಳಾಗುತ್ತವೆ? ನಾಟಕಕ್ಕೆ ಈ ಲೆಕ್ಕ ಬೇಡ, ಕಾದಂಬರಿಗೆ ಬೇಕು. (ತೆಂಗಿಗೆ ಕಸಿ ಕಟ್ಟಲು ಬರುವುದಿಲ್ಲ ಎಂಬುದನ್ನೂ ಇಲ್ಲಿನವರು ನೆನೆಯುತ್ತಾರೆ. ಮಾವಿನ ಗಿಡಕ್ಕೆ ಬೇರೆ ತಲೆ ಕೂರಿಸಬಹುದು. ತೆಂಗಿನ ಸುಳಿ ಹೋದರೆ ಮರವೇ ಹೋಯಿತು.)

ನಾಟಕದಲ್ಲಿ ಋಷಿಯೊಬ್ಬ ತಲೆಯೇ ಉತ್ತಮಾಂಗ ಎಂದು ತೀರ್ಪು ಕೊಡುತ್ತಾನೆ, ಎಲ್ಲರೂ ಒಪ್ಪುತ್ತಾರೆ. ನಮ್ಮ ಕಾಲದ ಋಷಿ ಆಧಾರ್. ಅದು ಹತ್ತು ಬೆರಳಿನ ಗುರುತು, ಎರಡು ಕಣ್ಣಿನ ಪಾಪೆ, ಒಂದು ಮುಖ ಕೇಳುತ್ತದೆ. ಕಣ್ಣು ಮುಖ ದೇವದತ್ತನವು, ಬೆರಳು ಕಪಿಲನವು. ರೇಷನ್ ಅಂಗಡಿಯ ಯಂತ್ರ ಹೆಬ್ಬೆಟ್ಟು ನೋಡಿ ಅವನನ್ನು ಕಪಿಲ ಎನ್ನುತ್ತದೆ. ಕಾಳಿಯ ಅರೆನಿದ್ದೆ, ಆಕಳಿಕೆಗಳಲ್ಲಿ ಕಾರ್ನಾಡರಿಗೆ ದೊರೆತ ನಗು ಕಾದಂಬರಿಯಲ್ಲಿ ಉಳಿಯುವುದಾದರೆ ಈ ಕೌಂಟರಿನ ಮುಂದೆಯೇ. ಅರ್ಧ ಪರದೆ, ಮುಖವಾಡ, ಮಾತಾಡುವ ಗೊಂಬೆಗಳು ಕಾದಂಬರಿಗೆ ಸಿಗುವುದಿಲ್ಲ. ಅದು ನಿಜವಾದ ನಷ್ಟ.

ಇನ್ನು ಮುರಿಯಬೇಕಾದ ನಂಬಿಕೆ ಯಾವುದು? ಶ್ರೀಯವರು ಸಾಯಬಾರದವನನ್ನು ಸಾಯಿಸಿದರು. ಇಲ್ಲಿ ನಾಟಕ ಸಾಯಿಸಿದವರನ್ನು ಕಾದಂಬರಿ ಬದುಕಿಸಬೇಕು. ಇಬ್ಬರು ಗೆಳೆಯರು ಪರಸ್ಪರ ಕೊಂದುಕೊಂಡು ಪದ್ಮಿನಿ ಚಿತೆ ಏರಿದರೆ ಮೇಳ ಮುಗಿಯುತ್ತದೆ, ಆದರೆ ಮಗುವಿನ ಪ್ರಶ್ನೆ ಭಾಗವತನ ಕೈಗೆ ದಾಟಿ ತಪ್ಪಿಸಿಕೊಳ್ಳುತ್ತದೆ. ವಿಜ್ಞಾನ ಕಾದಂಬರಿಯ ಹೂರಣ ಇರುವುದು ಆ ಮಗುವಿನಲ್ಲೇ. ತಲೆ ಬದಲಾಗುವ ಮೊದಲೇ ಪದ್ಮಿನಿ ಬಸುರಿ. ಬೀಜ ಕೊಟ್ಟ ಮೈ ಈಗ ಕಪಿಲನ ತಲೆ ಹೊತ್ತು ಬೇರೆ ಕಡೆ ಇದೆ. ಸಾಕುತ್ತಿರುವವನದು ದೇವದತ್ತನ ತಲೆ, ಕಪಿಲನ ಮೈ.

ಇಪ್ಪತ್ತು ವರ್ಷ ಮುಂದೆ ಹೋಗೋಣ. ಸಾಕಿದವನು ಹಾಸಿಗೆ ಹಿಡಿದಿದ್ದಾನೆ, ತೋಟ ಯಾರಿಗೆ ಎಂಬ ದಾವೆ ಎದ್ದಿದೆ, ಕೋರ್ಟು ಡಿಎನ್ಎ ಪರೀಕ್ಷೆಗೆ ಹೇಳಿದೆ. ಅವನ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಮಾದರಿ ತೆಗೆದರೆ ಹುಡುಗ ಅವನ ಮಗ. ಮುಂಗೈಯಿಂದ ರಕ್ತ ತೆಗೆದರೆ ಅಲ್ಲ. ಆ ಇನ್ನೊಬ್ಬನಲ್ಲಿ ಕೆನ್ನೆ ಅಲ್ಲವೆನ್ನುತ್ತದೆ, ರಕ್ತ ಹೌದೆನ್ನುತ್ತದೆ. ಇದು ಕಟ್ಟುಕಥೆಯೇನಲ್ಲ: ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರ ರಕ್ತದಲ್ಲಿ ಇಂದಿಗೂ ದಾನಿಯ ಡಿಎನ್ಎ ಹರಿಯುತ್ತದೆ. ಎರಡು ಪರೀಕ್ಷೆಗಳೂ ಸರಿ, ಎರಡು ವರದಿಗಳೂ ಬೇರೆ. ನಾಡಕಚೇರಿಯಲ್ಲಿ ವಂಶವೃಕ್ಷದ ಅರ್ಜಿ ಹಿಡಿದು ನಿಂತ ಹುಡುಗನಿಗೆ ತಂದೆಯ ಹೆಸರಿನ ಕಾಲಂ ಒಂದೇ ಇದೆ. ಪಕ್ಕದ ಬೆಂಚಿನಲ್ಲಿ ಪದ್ಮಿನಿ ಕೂತಿದ್ದಾಳೆ, ಐವತ್ತರ ಹತ್ತಿರದವಳು, ಬದುಕಿರುವವಳು. ಏನು ಬರೆಯಬೇಕೆಂದು ಗುಮಾಸ್ತರು ಕೇಳುತ್ತಿರುವುದು ಈಗ ಅವಳನ್ನೇ.