ಕವಲಿನಲ್ಲೊಂದು ಕೆಸು

ಗಾಜನೂರಿನ ತುಂಗಾ ಅಣೆಕಟ್ಟು ದಾಟಿ ತೀರ್ಥಹಳ್ಳಿಯತ್ತ ಸಾಗಿದಂತೆ ಮಲೆನಾಡು ದಟ್ಟವಾಗುತ್ತದೆ. ಮಳೆ ಹಿಡಿದ ಮೇಲೆ ಇಲ್ಲಿನ ಹಳೆಯ ಮರಗಳ ಕವಲಿನಲ್ಲಿ ಹೃದಯದಾಕಾರದ ಅಗಲ ಎಲೆಗಳು ತೂಗಾಡುತ್ತವೆ. ಅದೇ ಮರಕೆಸು. ಎಲೆಯ ಅಂದಕ್ಕಿಂತ ಅದರ ಮಿತವ್ಯಯವೇ ದೊಡ್ಡದು. ಮರದ ಸಾರಕ್ಕೆ ಬಾಯಿ ಹಾಕದೆ, ಪಾಚಿಯ ತೇವ ಮತ್ತು ಕೊಳೆತ ತರಗೆಲೆಯ ಹಿಡಿ ಗೊಬ್ಬರದಲ್ಲೇ ಅದು ಬದುಕುತ್ತದೆ. ತೊಟ್ಟು ಅಂಚಿಗೆ ಅಂಟದೆ ಎಲೆಯ ಒಡಲಿಗೇ ಕೂಡಿಕೊಳ್ಳುವುದರಿಂದ ಇಡೀ ಎಲೆ ಗುರಾಣಿಯಂತೆ ಬೆಳಕಿನತ್ತ ವಾಲುತ್ತದೆ. ಹೂವು ಅಪರೂಪ, ಬದಲಿಗೆ ನೆಟ್ಟಗೆ ಏಳುವ ಕಡ್ಡಿಗಳ ಮೇಲೆ ಸಣ್ಣ ಕೊಕ್ಕೆಗಳುಳ್ಳ ಮರಿಗಡ್ಡೆಗಳು ಗುಂಪುಗಟ್ಟುತ್ತವೆ, ಹಕ್ಕಿಯ ಗರಿಗೋ ಪ್ರಾಣಿಯ ರೋಮಕ್ಕೋ ಅಂಟಿ ಬೇರೆ ಮರ ಸೇರುತ್ತವೆ.

ತಾನಾಗಿ ಬೆಳೆಯುವುದನ್ನು ಬೆಳೆಸುವುದರಲ್ಲಿ ಏನು ಜಾಣ್ಮೆ ಎನ್ನಬಹುದು. ಜಾಣ್ಮೆ ಇರುವುದು ಕೈ ತಡೆಯುವುದರಲ್ಲಿ. ಮುಂಗಾರಿಗೆ ಮುನ್ನ ಗಡ್ಡೆಯನ್ನು ತೆಂಗಿನ ನಾರಿನೊಂದಿಗೆ ನೆರಳಿನ ಕವಲಿಗೆ ಕಟ್ಟಿ, ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು. ಮಳೆಗಾಲ ಮುಗಿದು ಎಲೆ ಹಳದಿಯಾದಾಗ ಗಿಡ ಸತ್ತಿತೆಂದು ನೀರು ಸುರಿಯಬಾರದು. ಗಡ್ಡೆ ನಿದ್ದೆಗೆ ಜಾರಿದೆ, ಅಷ್ಟೇ. ಎಲೆ ತಿಂದರೆ ಬಾಯಿ ತುರಿಸುತ್ತದೆ ಎಂಬ ದೂರೂ ನಿಜವೇ. ಎಲೆಯೊಳಗಿನ ಆಕ್ಸಲೇಟ್ ಹರಳು ಸೂಜಿಯಂತೆ ಚುಚ್ಚುತ್ತದೆ. ಅದಕ್ಕೂ ಅಡುಗೆಮನೆ ಉತ್ತರ ಕಂಡುಕೊಂಡಿದೆ: ದಪ್ಪ ನರ ಹೆರೆದು, ಹುಣಸೆಹುಳಿ ಬೆರೆಸಿ ರುಬ್ಬಿದ ಅಕ್ಕಿಹಿಟ್ಟು ಸವರಿ, ಸುರುಳಿ ಸುತ್ತಿ ಚೆನ್ನಾಗಿ ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ. ನಾಲ್ಕಾರು ತಿಂಗಳಷ್ಟೇ ಸಿಗುವ ಎಲೆ ಎಂದು ಕೊರಗಬೇಕಿಲ್ಲ. ಮಳೆಗಾಲಕ್ಕೆ ತನ್ನದೇ ರುಚಿ ಉಳಿದಿರುವುದು ಅದರಿಂದಲೇ.